ಹೋಮ್‌ಸ್ಟೇಗೆ ಸ್ವಚ್ಛತೆಯ ಎಲೆ ಬೇಕಾ? ಮೊದಲು ಹಿತ್ತಲಿಗೆ ಬನ್ನಿ

ಕೊಡಗು, ಚಿಕ್ಕಮಗಳೂರು ಕಡೆ ಹೋಮ್‌ಸ್ಟೇ ನೋಡಲು ಹೋದರೆ ಮಾಲೀಕರು ನಮ್ಮದು ಪರಿಸರಸ್ನೇಹಿ ಅಂತ ಮೊದಲು ತೋರಿಸುವುದು ಬಿದಿರಿನ ಟೂತ್‌ಬ್ರಶ್, ಮಣ್ಣಿನ ಲೋಟ, ಟವೆಲ್ ದಿನಾ ಒಗೆಯಲು ಹಾಕಬೇಡಿ ಅನ್ನೋ ಚೀಟಿ. ಎಲ್ಲಾ ನೋಡಿ, ಕಾಫಿ ಕುಡಿದು, ನಾನು ಕೇಳುವುದು ಒಂದೇ: "ಅಣ್ಣಾ, ಟಾಯ್ಲೆಟ್ ನೀರು ಎಲ್ಲಿಗೆ ಹೋಗುತ್ತೆ?"

"ಸೆಪ್ಟಿಕ್ ಟ್ಯಾಂಕಿಗೆ ಸಾರ್" ಅಂತಾರೆ. ಹಿತ್ತಲಿಗೆ ಹೋಗಿ ಮುಚ್ಚಳ ತೆಗೆಸಿದರೆ ಎಷ್ಟೋ ಕಡೆ ಇರುವುದು ರಿಂಗ್ ಇಳಿಸಿದ ಗುಂಡಿ, ತಳಕ್ಕೆ ಕಾಂಕ್ರೀಟೇ ಇಲ್ಲ. ಅದು ಸೆಪ್ಟಿಕ್ ಟ್ಯಾಂಕ್ ಅಲ್ಲ. ಮಳೆಗಾಲದಲ್ಲಿ ಅಂತರ್ಜಲ ಮೇಲೆ ಬಂದಾಗ ಗುಂಡಿಯಲ್ಲಿರುವುದೆಲ್ಲ ಅದರ ಜೊತೆ ಸೇರಿ ಇಳಿಜಾರಿನ ಕಡೆ ಹೊರಡುತ್ತೆ, ಅಲ್ಲಿ ಕೆಳಗಡೆ ಬಾವಿ ಯಾರದ್ದಿದೆ ಅಂತ ಕೇಳಿದರೆ ಕೆಲವೊಮ್ಮೆ ಅವರದ್ದೇ.

ಇದನ್ನು ಯಾಕೆ ಇಷ್ಟು ಹೇಳ್ತಿದ್ದೇನೆ ಅಂದರೆ, ಕೇಂದ್ರದ ಜಲಶಕ್ತಿ ಮತ್ತು ಪ್ರವಾಸೋದ್ಯಮ ಸಚಿವಾಲಯಗಳು ಹೋಟೆಲ್, ಹೋಮ್‌ಸ್ಟೇಗಳಿಗೆ 2023ರಲ್ಲಿ ತಂದ ಸ್ವಚ್ಛತಾ ಗ್ರೀನ್ ಲೀಫ್ ರೇಟಿಂಗ್‌ನಲ್ಲಿ ಒಟ್ಟು 200 ಅಂಕ, ಅದರಲ್ಲಿ 80 ಈ ಮಲದ ವಿಲೇವಾರಿಗೇ ಇದೆ. ಇನ್ನು 80 ಕಸಕ್ಕೆ, 40 ಬಚ್ಚಲು ಮತ್ತು ಅಡುಗೆಮನೆ ನೀರಿಗೆ. ಬಂದ ಅಂಕ ನೋಡಿ ಒಂದು, ಮೂರು ಅಥವಾ ಐದು ಎಲೆ ಕೊಡ್ತಾರೆ. ಕಡ್ಡಾಯ ಏನಲ್ಲ. ಟೂತ್‌ಬ್ರಶ್‌ನಿಂದ ಎಲೆ ಬರಲ್ಲ, ಅಷ್ಟೇ.

ನಾಲ್ಕು ಕೋಣೆಯ ಮನೆಗೆ ನಾನು ಹೇಳುವುದು ಅವಳಿ ಗುಂಡಿ. ಒಂದು ತುಂಬಿದ ಮೇಲೆ ಅದನ್ನು ಮುಚ್ಚಿ ಎರಡನೆಯದಕ್ಕೆ ತಿರುಗಿಸಿ. ಮೊದಲನೆಯದರಲ್ಲಿ ಇದ್ದದ್ದು ಒಂದೆರಡು ವರ್ಷ ಬಿಟ್ಟರೆ ಗೊಬ್ಬರ. ಆದರೆ ನೀರು ಮೇಲೇ ಸಿಗುವ ಜಾಗದಲ್ಲಿ ಇದೂ ಬೇಡ, ಅಲ್ಲಿ ಗಟ್ಟಿ ತಳದ ಟ್ಯಾಂಕೇ ಕಟ್ಟಿಸಿ, ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಿ, ರಸೀದಿ ಇಟ್ಟುಕೊಳ್ಳಿ. ಕಾಗದ ಇಲ್ಲದಿದ್ದರೆ ಮಾಡಿದ ಕೆಲಸಕ್ಕೂ ಅಂಕ ಸಿಗೋದು ಕಷ್ಟ.

ಹಾಗಂತ ಎಲೆ ಸಿಕ್ಕಿದ ಕೂಡಲೇ "ಸಂಪೂರ್ಣ ಪರಿಸರಸ್ನೇಹಿ" ಅಂತ ಬೋರ್ಡ್ ಬರೆಸಬೇಡಿ. ಇದು ಸ್ವಚ್ಛತೆಯ ರೇಟಿಂಗ್. ಹಂಡೆಗೆ ಎಷ್ಟು ಸೌದೆ ಸುಟ್ಟಿರಿ, ಕರೆಂಟ್ ಎಷ್ಟು ಅನ್ನೋದಕ್ಕೆ ಗ್ರೀನ್ ಕೀ ಥರದ ಪರಿಸರ ಸರ್ಟಿಫಿಕೇಟ್ ಬೇಕು, 1994ರಲ್ಲಿ ಡೆನ್ಮಾರ್ಕಿನಲ್ಲಿ ಶುರುವಾದದ್ದು. ಮತ್ತೆ, "ಜಿಎಸ್‌ಟಿಸಿ ಸರ್ಟಿಫಿಕೇಟ್ ಕೊಡಿಸ್ತೀವಿ" ಅಂತ ಫೋನ್ ಬಂದರೆ ಹುಷಾರು. ಜಿಎಸ್‌ಟಿಸಿ ಅಂದರೆ ಗ್ಲೋಬಲ್ ಸಸ್ಟೇನಬಲ್ ಟೂರಿಸಂ ಕೌನ್ಸಿಲ್, ಪರಿಸರಸ್ನೇಹಿ ಪ್ರವಾಸೋದ್ಯಮದ ಅಂತರರಾಷ್ಟ್ರೀಯ ಸಂಸ್ಥೆ. ಅದು ಮಾನದಂಡ ಬರೆಯುತ್ತೆ, ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳಿಗೆ ಮಾನ್ಯತೆ ಕೊಡುತ್ತೆ, ಹೋಟೆಲ್‌ಗೆ ತಾನೇ ಸರ್ಟಿಫಿಕೇಟ್ ಕೊಡಲ್ಲ. ಕೊಡುವ ಸಂಸ್ಥೆಯ ಹೆಸರು ಕೇಳಿ.

ಖರ್ಚಿಲ್ಲದ ಒಂದು ಪರೀಕ್ಷೆ ಇವತ್ತೇ ಮಾಡಬಹುದು. ಶವರ್ ಕೆಳಗೆ 10 ಲೀಟರ್ ಬಕೆಟ್ ಇಟ್ಟು ಗಡಿಯಾರ ನೋಡಿ. ಯುರೋಪಿನ ಪರಿಸರಸ್ನೇಹಿ ಗುರುತಾದ ಇಕೋಲೇಬಲ್ 2017ರಲ್ಲಿ ಇಟ್ಟ ಮಿತಿ ನಿಮಿಷಕ್ಕೆ ಸರಾಸರಿ 8.5 ಲೀಟರ್. ಅಂದರೆ ಬಕೆಟ್ 70 ಸೆಕೆಂಡಿಗಿಂತ ಬೇಗ ತುಂಬಿದರೆ ನೀರು ಜಾಸ್ತಿ ಹೋಗ್ತಿದೆ.