ಡಾ. ಕೋಟ್ನೀಸ್ ಕಾರವಾರ ಬದಿಯವರೇ?

ಪ್ರಶ್ನೆ: ಚೀನಾಕ್ಕೆ ಹೋಗಿ ಯುದ್ಧದಲ್ಲಿ ಗುಂಡು ತಾಗಿ ಸತ್ತ ಡಾಕ್ಟರ್ ಕೋಟ್ನೀಸ್ ನಮ್ಮ ಕಾರವಾರ ಬದಿಯವರಂತೆ, ಹೌದಾ?

ಉತ್ತರ: ಅಲ್ಲ. ಗುಂಡು ತಾಗಿದ್ದೂ ಅಲ್ಲ. ದ್ವಾರಕಾನಾಥ ಕೋಟ್ನೀಸ್ ಹುಟ್ಟಿದ್ದು ಸೊಲ್ಲಾಪುರದಲ್ಲಿ, 1910ರ ಅಕ್ಟೋಬರ್ 10ರಂದು.

ಈ ಪ್ರಶ್ನೆ ಕುಮಟೆಯಿಂದಲೂ ಬಂದಿದೆ, ಅಂಕೋಲೆಯಿಂದಲೂ ಬಂದಿದೆ. ಯಾಕಿರಬಹುದು ಎಂದು ಯೋಚಿಸಿದ್ದೇನೆ. ಫಡ್ನೀಸ್, ಚಿಟ್ನೀಸ್ ಎಂಬ ಹೆಸರು ಕೇಳಿ ಗೊತ್ತಿರುವ ಊರಿನವರಿಗೆ ಕೋಟ್ನೀಸ್ ಎಂದರೆ ಆಚೆ ಕೇರಿಯವರೇ ಅನ್ನಿಸುತ್ತದೆ. ಜೊತೆಗೆ, 1956ರ ತನಕ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತ್ಯದ ಲೆಕ್ಕದಲ್ಲೇ ಇತ್ತು. ಇಲ್ಲಿನ ಹುಡುಗರೂ ಓದಲಿಕ್ಕೆ ಮುಂಬಯಿಗೇ ಹೋಗುತ್ತಿದ್ದರು. ಮೂರನೆಯದು, ಕಾರವಾರದ ಕಡಲತೀರದಲ್ಲಿ ‘ಚಪಲ್’ ಎಂಬ ಯುದ್ಧನೌಕೆ ಸಂಗ್ರಹಾಲಯದ ಹತ್ತಿರ ಸಮವಸ್ತ್ರದಲ್ಲಿ ನಿಂತಿರುವ ಪ್ರತಿಮೆ. ಅದು ಚೆಂಡಿಯಾದ ರಾಮ ರಾಘೋಬ ರಾಣೆಯವರದ್ದು. 1948ರಲ್ಲಿ ಕಾಶ್ಮೀರದ ನೌಶೇರಾ–ರಜೌರಿ ರಸ್ತೆಯಲ್ಲಿ ಮೈನ್ ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟು ಪರಮವೀರ ಚಕ್ರ ಪಡೆದವರು ಅವರು. ಇಂಜಿನಿಯರ್ ದಳದವರು, ಡಾಕ್ಟರಲ್ಲ. ನೆನಪಿನಲ್ಲಿ ಇಬ್ಬರೂ ಕಲಸಿಹೋಗಿರಬೇಕು.

ಈಗ ಕೋಟ್ನೀಸರ ಮಾತು. ಮುಂಬಯಿಯ ಜಿ.ಎಸ್. ಮೆಡಿಕಲ್ ಕಾಲೇಜಿನಲ್ಲಿ ಓದಿದವರು. 1937ರಲ್ಲಿ ಜಪಾನ್ ಚೀನಾದ ಮೇಲೆ ಬಿದ್ದಿತ್ತು. ಚೀನಾದ ಕಮ್ಯುನಿಸ್ಟ್ ಸೇನಾಪತಿ ಝೂ ದೆ ನೆಹರೂ ಅವರಿಗೆ ಪತ್ರ ಬರೆದು ಡಾಕ್ಟರುಗಳನ್ನು ಕಳಿಸಿಕೊಡಿ ಎಂದರು. 1938ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸ್ ಜನರ ಮುಂದೆ ಕೈಚಾಚಿ ಹಣ ಕೂಡಿಸಿದರು. ಅಟಲ್, ಚೋಳ್ಕರ್, ಬಸು, ಮುಖರ್ಜಿ, ಕೋಟ್ನೀಸ್ – ಐದು ಜನ ಹಡಗು ಹತ್ತಿದರು. ಕೋಟ್ನೀಸರಿಗೆ ಇನ್ನೂ ಇಪ್ಪತ್ತೆಂಟು ತುಂಬಿರಲಿಲ್ಲ. ಅಲ್ಲಿ ಮುಟ್ಟಿ ಕೆಲವೇ ತಿಂಗಳಲ್ಲಿ ತಂದೆ ತೀರಿಕೊಂಡ ಸುದ್ದಿ ಬಂತು. ವಾಪಸು ಬರಲಿಲ್ಲ. ಮುಂದೆ ಉಳಿದ ನಾಲ್ವರು ಒಬ್ಬೊಬ್ಬರಾಗಿ ಮರಳಿದರು. ಇವರು ‘ಎಂಟನೇ ಮಾರ್ಗದ ಸೇನೆ’ ಎಂಬ ಕಮ್ಯುನಿಸ್ಟರ ಪಡೆಯ ಜೊತೆ ಉತ್ತರದ ಗುಡ್ಡಗಳಲ್ಲೇ ಉಳಿದರು.

ಅಲ್ಲಿನ ಆಸ್ಪತ್ರೆ ಎಂದರೆ ನಮ್ಮ ಕಣ್ಣಿಗೆ ಬರುವಂಥ ಆಸ್ಪತ್ರೆಯಲ್ಲ. ಗಾಯಾಳುವನ್ನು ದೂರ ಹೊರುವುದಕ್ಕಿಂತ ಡಾಕ್ಟರೇ ಗಾಯಾಳು ಇದ್ದಲ್ಲಿಗೆ ಹೋಗಬೇಕು ಎಂಬ ರೀತಿಯನ್ನು ಕೆನಡಾದ ಸರ್ಜನ್ ನಾರ್ಮನ್ ಬೆಥೂನ್ ಅಲ್ಲಿ ಬಲಪಡಿಸಿದ್ದರು. ಕತ್ತರಿ, ಚಿಮುಟ, ಬ್ಯಾಂಡೇಜು, ಔಷಧ ಎಲ್ಲವೂ ಹೇಸರಗತ್ತೆಯ ಬೆನ್ನಿನ ಎರಡು ಮಗ್ಗುಲಿಗೆ. ಸಾಣಿಕಟ್ಟೆಯ ಉಪ್ಪು ಹೊತ್ತು ಘಟ್ಟ ಹತ್ತುತ್ತಿದ್ದ ಹೇರೆತ್ತಿನ ಚಿತ್ರ ಕಣ್ಣಮುಂದೆ ತಂದುಕೊಳ್ಳಿ. ಇಳಿಸಿದರೆ ಹಳ್ಳಿಯ ಯಾವುದೋ ಮನೆಯೇ ಆಪರೇಷನ್ ಥಿಯೇಟರ್. ಶತ್ರು ಹತ್ತಿರ ಬಂದರೆ ಮತ್ತೆ ಹೇರು ಕಟ್ಟು. ಆ ಬೆಥೂನ್ ಸತ್ತದ್ದೂ ಗುಂಡಿನಿಂದಲ್ಲ. 1939ರಲ್ಲಿ ಆಪರೇಷನ್ ಮಾಡುವಾಗ ಬೆರಳು ಕೊಯ್ದುಕೊಂಡು ನಂಜೇರಿತು. ಪೆನಿಸಿಲಿನ್ ಇನ್ನೂ ಯಾರ ಕೈಗೂ ಬಂದಿರಲಿಲ್ಲ. 1941ರಲ್ಲಿ ಅವರ ಹೆಸರಿನ ಆಸ್ಪತ್ರೆಗೆ ಕೋಟ್ನೀಸ್ ನಿರ್ದೇಶಕರಾದರು.

ಅದಕ್ಕೂ ಮುಂಚೆ, 1940ರ ಒಂದು ಕಾಳಗದಲ್ಲಿ 13 ದಿನಕ್ಕೆ 800 ಗಾಯಾಳುಗಳು ಬಂದಿದ್ದರು. ಒಮ್ಮೆ 72 ಗಂಟೆ ಕಣ್ಣು ಮುಚ್ಚದೆ ಆಪರೇಷನ್ ಮಾಡಿದರಂತೆ. ಜನ ಇದನ್ನು ಹೆಮ್ಮೆಯಿಂದ ಹೇಳುತ್ತಾರೆ, ನನಗೆ ಮಾತ್ರ ಹೆದರಿಕೆಯಾಗುತ್ತದೆ. ಯಾಕೆಂದರೆ ಕೋಟ್ನೀಸರಿಗೆ ಅಪಸ್ಮಾರ ಶುರುವಾಯಿತು. ಆ ಕಾಯಿಲೆ ಇದ್ದವರಿಗೆ ನಿದ್ದೆಗೆಡುವುದೇ ದೊಡ್ಡ ವೈರಿ. ಬೆಳಗಿನ ತನಕ ಯಕ್ಷಗಾನ ನೋಡುತ್ತ ಕೂರಬೇಡಿ ಎಂದು ನಮ್ಮೂರ ಡಾಕ್ಟರುಗಳೂ ಮೊದಲು ಹೇಳುವುದು ಅದನ್ನೇ. (ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುವುದು ಇನ್ನೂ ನಿಂತಿಲ್ಲ. ಅದರಿಂದ ಏನೂ ಆಗುವುದಿಲ್ಲ. ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಬಾಯಿಗೆ ಏನನ್ನೂ ತುರುಕಬೇಡಿ.) ವಿಶ್ರಾಂತಿಗೆ ಹೋಗಿ ಎಂದರೆ ಅವರು ಕೇಳಲಿಲ್ಲ. 1942ರ ಡಿಸೆಂಬರ್ 9ರಂದು ಒಂದರ ಹಿಂದೊಂದು ಫಿಟ್ಸ್ ಬಂದು ತೀರಿಕೊಂಡರು. ಮೂವತ್ತೆರಡು ವರ್ಷ.

ಹಾಗಾದರೆ ಅವರು ಎಲ್ಲಿಯವರು? ಸೊಲ್ಲಾಪುರದ ಮನೆ ಈಗ ಸ್ಮಾರಕ. ಸಮಾಧಿ ಇರುವುದು ಚೀನಾದ ಶಿಜಿಯಾಝುವಾಂಗ್‌ನಲ್ಲಿ. ಅಲ್ಲಿನವರಿಗೆ ಅವರು ಕೆ ದಿಹುವಾ. ಬೆಥೂನರ ಸಮಾಧಿಯ ಕಾರ್ಯಕ್ರಮದಲ್ಲಿ ಪರಿಚಯವಾದ ನರ್ಸಿಂಗ್ ಶಿಕ್ಷಕಿ ಗುವೋ ಚಿಂಗ್‌ಲಾನ್ ಅವರನ್ನು 1941ರಲ್ಲಿ ಮದುವೆಯಾದರು. ಮರುವರ್ಷ ಆಗಸ್ಟಿನಲ್ಲಿ ಗಂಡುಮಗು. ಇಟ್ಟ ಹೆಸರು ಯಿನ್‌ಹುವಾ – ಯಿನ್ ಎಂದರೆ ಭಾರತ, ಹುವಾ ಎಂದರೆ ಚೀನಾ. ಅಪ್ಪ ಹೋದಾಗ ಆ ಕೂಸಿಗೆ ಮೂರೂವರೆ ತಿಂಗಳು.