ನಿಮ್ಮ ಫೈಲು ಯಾರ್ಯಾರ ಕೈ ದಾಟುತ್ತದೆ? ಸಣ್ಣ ಊರಿನ ಮನೋವೈದ್ಯ ಕ್ಲಿನಿಕ್ಕುಗಳ ಗುಟ್ಟಿನ ಹಿನ್ನೆಲೆ

ಮನೋವೈದ್ಯರನ್ನು ಕಾಣಬೇಕೆಂದು ಮನಸ್ಸು ಮಾಡಿದ ಚಿಕ್ಕಮಗಳೂರಿನವರಿಗೆ ಫೀಸು, ಮಾತ್ರೆ ಇವೆಲ್ಲಕ್ಕಿಂತ ಮೊದಲು ಕಾಡುವ ಪ್ರಶ್ನೆ ಒಂದು: ಅಲ್ಲಿಗೆ ಹೋದದ್ದು ಊರಿಗೆ ಗೊತ್ತಾಗುತ್ತದೆಯೇ? ಕಾನೂನಿನಲ್ಲಿ ಇದಕ್ಕೆ ಉತ್ತರ ಹುಡುಕಿದರೆ ನಾಲ್ಕೈದು ಸಿಗುತ್ತವೆ. ವೈದ್ಯಕೀಯ ಪರಿಷತ್ತಿನ 2002ರ ನಡತೆ ನಿಯಮಗಳು ಒಂದು ಹೇಳುತ್ತವೆ, 2011ರ ಐಟಿ ನಿಯಮಗಳು ಇನ್ನೊಂದು, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮತ್ತೊಂದು. ಇವುಗಳ ಮೇಲೆ 2023ರ ವೈಯಕ್ತಿಕ ದತ್ತಾಂಶ ಕಾಯ್ದೆ ಬಂತು. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ರೋಗಿಯ ಮಾತಿರಲಿ, ಇಬ್ಬರು ಸಿಬ್ಬಂದಿ ಇಟ್ಟುಕೊಂಡು ಕ್ಲಿನಿಕ್ ನಡೆಸುವ ಡಾಕ್ಟರಿಗೂ ಇವುಗಳಲ್ಲಿ ಯಾವುದು ತಮಗೆ ಎಷ್ಟರಮಟ್ಟಿಗೆ ಅನ್ವಯ ಎಂದು ಹೇಳುವುದು ಸುಲಭವಿಲ್ಲ. ಹಾಗಾಗಿ ಹಳೆಯದರಿಂದ ನೋಡಿಕೊಂಡು ಬರುವುದು ವಾಸಿ.

1912ರ ಹುಚ್ಚರ ಕಾಯ್ದೆಗೆ ರೋಗಿ ಎಂದರೆ ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ಒಳಗೆ ಸೇರಿಸಬೇಕಾದವನು. 1987ರ ಮಾನಸಿಕ ಆರೋಗ್ಯ ಕಾಯ್ದೆ 1993ರಲ್ಲಿ ಜಾರಿಗೆ ಬಂದಾಗ ಆ ಭಾಷೆ ಸ್ವಲ್ಪ ಮೆದುವಾಯಿತು. ಒಳರೋಗಿ ಬರೆದ, ಅವರಿಗೆ ಬಂದ ಪತ್ರಗಳನ್ನು ತಡೆಹಿಡಿಯಬಾರದು ಎಂಬಂಥ ಮಾತುಗಳು ಸೇರಿದವು. ಎರಡೂ ಕಾಯ್ದೆಗಳ ಕಣ್ಣಿದ್ದದ್ದು ದೊಡ್ಡ ಆಸ್ಪತ್ರೆಯ ಗೋಡೆಯೊಳಗೆ. ಬೆಳಿಗ್ಗೆ ಬಸ್ಸಿಗೆ ಬಂದು, ಡಾಕ್ಟರನ್ನು ಕಂಡು, ಚೀಟಿ ಹಿಡಿದು ಸಂಜೆ ಮನೆ ಸೇರುವವರ ಗುಟ್ಟಿನ ಬಗ್ಗೆ ಅವು ಹೆಚ್ಚು ಯೋಚಿಸಿದಂತೆ ಕಾಣುವುದಿಲ್ಲ.

ಮಲೆನಾಡಿನವರು ಆ ಗುಟ್ಟನ್ನು ತಾವೇ ಕಾಪಾಡಿಕೊಂಡರು. ದಾರಿ ಸರಳವಾಗಿತ್ತು, ದೂರ ಹೋಗುವುದು. ಕೊಪ್ಪ, ಶೃಂಗೇರಿಯವರು ಆಗುಂಬೆ ಇಳಿದು ಮಣಿಪಾಲಕ್ಕೆ, ಮೂಡಿಗೆರೆಯವರು ಚಾರ್ಮಾಡಿ ಇಳಿದು ಮಂಗಳೂರಿಗೆ, ಕಡೂರು, ತರೀಕೆರೆಯ ಕಡೆಯವರು ಬೆಂಗಳೂರಿನ ನಿಮ್ಹಾನ್ಸ್‌ಗೆ. ಅಕ್ಕಪಕ್ಕದವರಿಗೆ ‘ಮಗಳ ಮನೆಗೆ ಹೋಗಿದ್ವಿ’ ಎಂದರೆ ಮುಗಿಯಿತು. ಅಲ್ಲಿನ ಓಪಿಡಿಯ ಸಾಲಿನಲ್ಲಿ ನಿಂತ ಇನ್ನೂರು ಜನರಲ್ಲಿ ನಮ್ಮನ್ನು ಗುರುತು ಹಿಡಿಯುವವರು ಒಬ್ಬರೂ ಇರುತ್ತಿರಲಿಲ್ಲ. ಕಾನೂನು ಕೊಡದ ಗೋಪ್ಯತೆಯನ್ನು ಘಟ್ಟದ ರಸ್ತೆ ಕೊಟ್ಟಿತು. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಒಂದು ದಿನದ ಕೂಲಿ, ಬಸ್ ಚಾರ್ಜು, ಜೊತೆಗೆ ಬರುವವರ ಕೂಲಿ ಹೊಂದಿಸಲಾರದೆ ಮಾತ್ರೆ ಅರ್ಧಕ್ಕೆ ಬಿಟ್ಟವರು ಪ್ರತಿ ಊರಿನಲ್ಲೂ ಇದ್ದಾರೆ.

ಆಮೇಲೆ ಚಿಕಿತ್ಸೆ ಹತ್ತಿರ ಬಂತು. ಬಳ್ಳಾರಿಯಲ್ಲಿ 1985ರಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರತೊಡಗಿದರು. ಜಿಲ್ಲಾ ಕೇಂದ್ರಗಳಲ್ಲಿ ಖಾಸಗಿ ಕ್ಲಿನಿಕ್ಕುಗಳು ತೆರೆದವು. ಇದು ನಿಜಕ್ಕೂ ಒಳ್ಳೆಯ ಬದಲಾವಣೆ, ಎಷ್ಟೋ ಜೀವ ಉಳಿಸಿದ ಬದಲಾವಣೆ. ಆದರೆ ದೂರ ಹೋಗಿ ಗಳಿಸುತ್ತಿದ್ದ ಗೋಪ್ಯತೆ ಹತ್ತಿರ ಬಂದ ಕ್ಲಿನಿಕ್ಕಿನಲ್ಲಿ ತಾನಾಗಿ ಸಿಗಲಿಲ್ಲ. ಅದರ ಜಾಗಕ್ಕೆ ಏನಿಡಬೇಕು ಎಂದು ಆಗ ಯಾರೂ ಕೂತು ಯೋಚಿಸಲಿಲ್ಲ.

ಊರಿನ ಕ್ಲಿನಿಕ್ಕಿನಲ್ಲಿ ಗುಟ್ಟು ಡಾಕ್ಟರ ಕೋಣೆಗಿಂತ ಮೊದಲು ಕೌಂಟರಿನಲ್ಲಿ ಪರೀಕ್ಷೆಗೆ ಬೀಳುತ್ತದೆ. ಹೆಸರು ಬರೆಸುವಾಗ ನಮ್ಮಲ್ಲಿ ಸಹಜವಾಗಿ ಬರುವ ಪ್ರಶ್ನೆ ‘ಯಾವೂರು? ಯಾರ ಮನೆಯವರು?’ ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದಿರುವುದಿಲ್ಲ, ವಿಶ್ವಾಸದಿಂದಲೇ ಕೇಳುತ್ತಾರೆ. ಆದರೆ ಉತ್ತರ ಹೊರಬರುವ ಹೊತ್ತಿಗೆ ಬೆಂಚಿನಲ್ಲಿ ಕೂತ ಹತ್ತು ಜನರ ಕಿವಿಗೆ ಮನೆತನದ ಸಮೇತ ವಿಷಯ ಬಿದ್ದಿರುತ್ತದೆ. ಸರದಿ ಬಂದಾಗ ಹೆಸರು ಕೂಗಲಾಗುತ್ತದೆ. ರಿಜಿಸ್ಟರು ಮೇಜಿನ ಮೇಲೆ ತೆರೆದೇ ಇರುತ್ತದೆ, ಹೆಸರು ಬರೆಸಲು ಬಗ್ಗಿದವರಿಗೆ ಮೇಲಿನ ಹತ್ತು ಹೆಸರೂ ಕಾಣುತ್ತವೆ.

ಕಾಫಿ ತೋಟದ ಕೂಲಿಯವರ ಪಾಡು ಇನ್ನೂ ಬೇರೆ. ಅವರನ್ನು ಕರೆತರುವವರು ತೋಟದ ರೈಟರು, ಬಿಲ್ಲು ಕೊಡುವವರು ಸಾಹುಕಾರರು. ದುಡ್ಡು ಕೊಟ್ಟವರು ‘ಏನಾಗಿದೆ ಡಾಕ್ಟ್ರೇ, ಕೆಲಸಕ್ಕೆ ಆಗ್ತಾನಾ?’ ಎಂದು ಕೇಳಿದರೆ ಅದು ಕಾಳಜಿಯೂ ಹೌದು, ವಿಚಾರಣೆಯೂ ಹೌದು. ಅಸ್ಸಾಂ ಕಡೆಯಿಂದ ಬಂದ ಕೂಲಿಗಳ ಮಾತನ್ನು ಡಾಕ್ಟರಿಗೆ ತಿಳಿಸಲು ಮೇಸ್ತ್ರಿಯೇ ಬೇಕು. ಹಾಗೆ ಮನಸ್ಸಿನ ಅತಿ ಒಳಗಿನ ಮಾತು ಕೂಲಿ ಲೆಕ್ಕ ಬರೆಯುವವನ ಬಾಯಿಂದಲೇ ಹಾದುಹೋಗುತ್ತದೆ. ಇದಕ್ಕೆ ಯಾವ ಕಾಯ್ದೆಯಲ್ಲೂ ನೇರ ಉತ್ತರವಿಲ್ಲ.

ಕ್ಲಿನಿಕ್ಕಿನಿಂದ ಹೊರಬಿದ್ದ ಚೀಟಿ ಮೆಡಿಕಲ್ ಶಾಪಿಗೆ ಹೋಗುತ್ತದೆ. ಔಷಧ ನಿಯಮಗಳಲ್ಲಿ 2014ರಿಂದ ಜಾರಿಯಲ್ಲಿರುವ ಎಚ್1 ಅನುಸೂಚಿಯ ಪ್ರಕಾರ ಆಲ್ಪ್ರಜೋಲಾಂ, ಡಯಾಜೆಪಾಂ, ಜೋಲ್ಪಿಡೆಮ್ ಥರದ ಮಾತ್ರೆ ಮಾರುವಾಗ ಅಂಗಡಿಯವರು ರೋಗಿಯ ಹೆಸರು, ಚೀಟಿ ಬರೆದ ಡಾಕ್ಟರ ಹೆಸರು ಮತ್ತು ವಿಳಾಸ, ಮಾತ್ರೆಯ ಪ್ರಮಾಣ ಇಷ್ಟನ್ನೂ ಬೇರೆ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ನಿದ್ದೆ ಮಾತ್ರೆಯ ದುರುಪಯೋಗ ತಡೆಯಲು ಇದು ಬೇಕಾದ ನಿಯಮವೇ. ಅದರ ಜೊತೆಗೆ ರೋಗಿಯ ಹೆಸರು ಇನ್ನೊಂದು ಪುಸ್ತಕ ಸೇರುತ್ತದೆ ಎಂಬುದೂ ಅಷ್ಟೇ ನಿಜ. ಲ್ಯಾಬಿನಲ್ಲಿ ಮತ್ತೊಂದು. ಮನಸ್ಸಿನ ತೀವ್ರ ಏರಿಳಿತದ ಕಾಯಿಲೆಗೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರು ರಕ್ತದಲ್ಲಿ ಅದರ ಮಟ್ಟವನ್ನು ಆಗಾಗ ನೋಡಿಸಲೇಬೇಕು. ಗೊತ್ತಿರುವವರಿಗೆ ಆ ಪರೀಕ್ಷೆಯ ಹೆಸರು ಸಾಕು, ಕಾಯಿಲೆಯ ಹೆಸರು ಹೇಳಬೇಕಿಲ್ಲ.

ಇಂಥ ಸ್ಥಿತಿಯಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂತು, 2018ರ ಮೇ 29ರಿಂದ ಜಾರಿಯಾಯಿತು. ಗೋಪ್ಯತೆಯನ್ನು ರೋಗಿಯ ಹಕ್ಕು ಎಂದು ಸ್ಪಷ್ಟವಾಗಿ ಬರೆದ ಕಾಯ್ದೆ ಇದು. 23ನೇ ಸೆಕ್ಷನ್ ಪ್ರಕಾರ ಚಿಕಿತ್ಸೆಯ ವೇಳೆ ತಿಳಿದ ಎಲ್ಲವನ್ನೂ ಗುಟ್ಟಾಗಿಡುವುದು ಆರೋಗ್ಯ ವೃತ್ತಿಪರರ ಕರ್ತವ್ಯ. ರೋಗಿ ನೇಮಿಸಿದ ಪ್ರತಿನಿಧಿಗೆ, ಚಿಕಿತ್ಸೆಗಾಗಿ ಇನ್ನೊಬ್ಬ ವೈದ್ಯರಿಗೆ ಹೇಳಬಹುದು. ಇನ್ನೊಬ್ಬರಿಗೆ ಅಪಾಯವಾಗುವುದನ್ನು ಅಥವಾ ಜೀವಕ್ಕೆ ಬಂದ ಕುತ್ತನ್ನು ತಡೆಯಲು, ಹೈಕೋರ್ಟಿನಂಥ ಅಧಿಕಾರವುಳ್ಳವರ ಆದೇಶ ಬಂದಾಗಲೂ ಹೇಳಬಹುದು. 24ನೇ ಸೆಕ್ಷನ್ ಇದೇ ಹಕ್ಕು ಕಂಪ್ಯೂಟರಿನಲ್ಲಿ, ಆನ್‌ಲೈನಿನಲ್ಲಿ ಇಟ್ಟ ಮಾಹಿತಿಗೂ ಅನ್ವಯ ಎನ್ನುತ್ತದೆ. 25ನೇ ಸೆಕ್ಷನ್ ರೋಗಿಗೆ ತನ್ನ ದಾಖಲೆ ತಾನು ನೋಡುವ ಹಕ್ಕು ಕೊಡುತ್ತದೆ.

ಬರೆದದ್ದು ಒಳ್ಳೆಯ ಕಾಯ್ದೆಯೇ. ಆದರೂ ಕೌಂಟರಿನ ಕಡೆಯಿಂದ ಓದಿದರೆ ಎರಡು ಕಂಡಿಗಳು ಕಾಣುತ್ತವೆ. ಕರ್ತವ್ಯವಿರುವುದು ಆರೋಗ್ಯ ವೃತ್ತಿಪರರಿಗೆ. ಹೆಸರು ಬರೆಯುವ ಹುಡುಗಿ, ಫೈಲು ಎತ್ತಿಡುವ ಹುಡುಗ ಆ ಪದದೊಳಗೆ ಬರುತ್ತಾರೆಂದು ಎಲ್ಲೂ ಬಿಡಿಸಿ ಹೇಳಿಲ್ಲ. ಇನ್ನು, ಈ ಕಾಯ್ದೆಯಡಿ ನೋಂದಣಿ ಮಾಡಿಸಬೇಕಾದ ಸಂಸ್ಥೆ ಎಂದರೆ ರೋಗಿಗಳನ್ನು ಒಳಗೆ ಇರಿಸಿಕೊಳ್ಳುವಂಥದ್ದು. ಹಾಸಿಗೆಯಿಲ್ಲದ, ನೋಡಿ ಕಳಿಸುವ ಕ್ಲಿನಿಕ್ ಆ ವ್ಯಾಖ್ಯೆಯ ಹೊರಗೇ ಉಳಿಯುತ್ತದೆ. ನಮ್ಮ ಊರುಗಳಲ್ಲಿ ಹೆಚ್ಚಿನವರು ಹೋಗುವುದು ಅಂಥ ಕ್ಲಿನಿಕ್ಕಿಗೇ. ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಅವಕ್ಕೂ ಬೇಕು, ಆದರೆ ಅದನ್ನು ಮಾಡಿದ್ದು ಎಲ್ಲ ಬಗೆಯ ಆಸ್ಪತ್ರೆಗಳಿಗಾಗಿ, ಮನೋರೋಗಿಯ ಫೈಲನ್ನು ಮನಸ್ಸಿನಲ್ಲಿಟ್ಟುಕೊಂಡಲ್ಲ.

ಮನೆಯವರ ವಿಷಯದಲ್ಲಿ ಕಾಯ್ದೆ ಮತ್ತು ರೂಢಿ ಮುಖಾಮುಖಿಯಾಗುತ್ತವೆ. ವಯಸ್ಕ ರೋಗಿ ತನ್ನ ಪ್ರತಿನಿಧಿ ಯಾರೆಂದು ತಾನೇ ಬರೆದುಕೊಡಬಹುದು ಎನ್ನುತ್ತದೆ 2017ರ ಕಾಯ್ದೆಯ 14ನೇ ಸೆಕ್ಷನ್. ನಮ್ಮಲ್ಲಿ ಅಪ್ಪ, ಅಣ್ಣ, ಗಂಡ ಕೇಳಿದರೆ ಹೇಳುವುದಿಲ್ಲ ಎನ್ನುವ ಡಾಕ್ಟರು ಸೊಕ್ಕಿನವರು ಎನಿಸಿಕೊಳ್ಳುತ್ತಾರೆ. ಕಾಯಿಲೆಯವರನ್ನು ನೋಡಿಕೊಳ್ಳುವವರೂ ಮನೆಯವರೇ ಆದ್ದರಿಂದ ಪೂರ್ತಿ ಮುಚ್ಚಿಡುವುದೂ ಆಗುವುದಿಲ್ಲ. ಕಷ್ಟವಾಗುವುದು ಮದುವೆಯ ಮಾತು ಬಂದಾಗ. ಸಂಬಂಧ ಬೆಳೆಸುವ ಮುಂಚೆ ‘ವಿಚಾರಿಸುವುದು’ ನಮ್ಮಲ್ಲಿ ತಪ್ಪೆನಿಸಿಲ್ಲ. ಮದುವೆ ಮುರಿದರೆ ಹಿಂದೂ ವಿವಾಹ ಕಾಯ್ದೆಯ 13ನೇ ಸೆಕ್ಷನ್‌ನಲ್ಲಿ ಮಾನಸಿಕ ಕಾಯಿಲೆಯೂ ವಿಚ್ಛೇದನಕ್ಕೆ ಒಂದು ಆಧಾರ. ವಿವಾಹ ವ್ಯಾಜ್ಯದಲ್ಲಿ ನ್ಯಾಯಾಲಯ ವೈದ್ಯಕೀಯ ಪರೀಕ್ಷೆಗೆ ಆದೇಶಿಸಬಹುದು ಎಂದು ಸುಪ್ರೀಂ ಕೋರ್ಟ್ 2003ರಲ್ಲಿ ಶಾರದಾ ಪ್ರಕರಣದಲ್ಲಿ ಹೇಳಿದೆ. ಎಂದೋ ಖಿನ್ನತೆಗೆ ಆರು ತಿಂಗಳು ಮಾತ್ರೆ ತಿಂದ ಚೀಟಿ ಹತ್ತು ವರ್ಷದ ನಂತರ ವಕೀಲರ ಕೈಯಲ್ಲಿ ಕಾಣಿಸಿಕೊಂಡೀತು ಎಂಬ ಭಯಕ್ಕೆ ಬುಡವಿಲ್ಲ ಎನ್ನಲಾಗದು. ಹೆಣ್ಣುಮಕ್ಕಳಿಗೆ ಆ ಭಯ ಹೆಚ್ಚು.

2020ರಲ್ಲಿ ಎಲ್ಲವೂ ಮೊಬೈಲಿಗೆ ಬಂತು. ಮಾರ್ಚ್ 25ರಂದು ಹೊರಟ ಟೆಲಿಮೆಡಿಸಿನ್ ಮಾರ್ಗಸೂಚಿ ವಾಟ್ಸ್‌ಆ್ಯಪ್ ಮೂಲಕ ಸಲಹೆ ಕೊಡುವುದಕ್ಕೂ ಅವಕಾಶ ಮಾಡಿತು. ಲಾಕ್‌ಡೌನಿನಲ್ಲಿ ಕಳಸದಿಂದಲೋ ಬಾಳೆಹೊನ್ನೂರಿನಿಂದಲೋ ಹೊರಡಲಾಗದವರಿಗೆ ಅದು ವರವೇ ಆಯಿತು, ಮಾತ್ರೆ ತಪ್ಪಲಿಲ್ಲ. ಲಾಕ್‌ಡೌನ್ ಮುಗಿದರೂ ರೂಢಿ ಉಳಿಯಿತು. ಈಗ ಒಂದು ಚೀಟಿಯ ಫೋಟೊ ಎಲ್ಲೆಲ್ಲಿ ಇರುತ್ತದೆ ನೋಡಿ: ಕ್ಲಿನಿಕ್ಕಿನ ಮೊಬೈಲಿನಲ್ಲಿ, ರೋಗಿಯ ಗ್ಯಾಲರಿಯಲ್ಲಿ, ಮೆಡಿಕಲ್ ಶಾಪಿನವರ ಮೊಬೈಲಿನಲ್ಲಿ, ಈ ಮೂವರ ಬ್ಯಾಕಪ್ಪಿನಲ್ಲಿ. ಕ್ಲಿನಿಕ್ಕಿನ ಮೊಬೈಲು ರಾತ್ರಿ ಸಿಬ್ಬಂದಿಯ ಮನೆಗೆ ಹೋಗುವುದುಂಟು, ಅವರು ಕೆಲಸ ಬಿಟ್ಟಾಗ ಅದರಲ್ಲಿದ್ದ ಫೋಟೊಗಳನ್ನು ಯಾರು ಅಳಿಸಬೇಕು ಎಂಬ ಕಟ್ಟಳೆ ಬಹಳ ಕಡೆ ಇಲ್ಲ. ರೋಗಿಯ ಮೊಬೈಲೂ ರೋಗಿಯೊಬ್ಬರದೇ ಆಗಿರುವುದಿಲ್ಲ. ಮನೆಗೊಂದೇ ಸ್ಮಾರ್ಟ್‌ಫೋನ್ ಇರುವ ಕಡೆ ‘ನಾಳೆ ಬೆಳಿಗ್ಗೆ 11ಕ್ಕೆ ನಿಮ್ಮ ಅಪಾಯಿಂಟ್‌ಮೆಂಟ್’ ಎಂಬ ಸಂದೇಶವನ್ನು ಮೊದಲು ಓದುವವರು ಅತ್ತೆಯೋ ಮೈದುನನೋ ಇರಬಹುದು. ಯುಪಿಐನಲ್ಲಿ ಫೀಸು ಕೊಟ್ಟರೆ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಕ್ಲಿನಿಕ್ಕಿನ ಹೆಸರು ಅಚ್ಚಾಗುತ್ತದೆ.

ಇನ್ಶೂರೆನ್ಸಿನದೂ ಇಂಥದ್ದೇ ಕಥೆ. ದೈಹಿಕ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕೆಂದು 2017ರ ಕಾಯ್ದೆ ಹೇಳಿತು, ವಿಮಾ ನಿಯಂತ್ರಕರು 2018ರ ಆಗಸ್ಟ್‌ನಲ್ಲಿ ಕಂಪನಿಗಳಿಗೆ ಸೂಚಿಸಿದರು. ಹಕ್ಕು ದೊರೆಯಿತು. ಕ್ಲೇಮು ಮಾಡಬೇಕಾದರೆ ಕಾಯಿಲೆಯ ಹೆಸರಿರುವ ಕಾಗದ ಕಳಿಸಲೇಬೇಕು.

ಇತ್ತ ದೆಹಲಿಯಲ್ಲಿ ದತ್ತಾಂಶದ ಕಾನೂನು ಬಹಳ ವರ್ಷ ಬೆಂದಿತು. 2011ರ ಐಟಿ ನಿಯಮಗಳು ಮಾನಸಿಕ ಆರೋಗ್ಯದ ಮಾಹಿತಿಯನ್ನು ‘ಸೂಕ್ಷ್ಮ’ ಎಂದು ಬೇರೆಯಾಗಿ ಗುರುತಿಸಿದ್ದವು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆರೋಗ್ಯ ಮಾಹಿತಿಗೆಂದೇ 2018ರಲ್ಲಿ ತಯಾರಾದ ‘ದಿಶಾ’ ಕರಡು ಕಾಯ್ದೆಯಾಗಲೇ ಇಲ್ಲ. 2019ರ ಮಸೂದೆಯನ್ನು 2022ರಲ್ಲಿ ಹಿಂಪಡೆಯಲಾಯಿತು. ಕೊನೆಗೆ ಬಂದ 2023ರ ಕಾಯ್ದೆಯಲ್ಲಿ ‘ಸೂಕ್ಷ್ಮ ಮಾಹಿತಿ’ ಎಂಬ ಪ್ರತ್ಯೇಕ ವರ್ಗವೇ ಇಲ್ಲ. ಫೋನ್ ನಂಬರಿಗೂ ಸ್ಕಿಜೋಫ್ರೇನಿಯಾ ಎಂಬ ರೋಗನಿರ್ಣಯಕ್ಕೂ ಒಂದೇ ಅಳತೆ. ದಂಡ ಮಾತ್ರ ದೊಡ್ಡದು, ಭದ್ರತೆಯಲ್ಲಿ ಲೋಪವಾದರೆ 250 ಕೋಟಿ ರೂಪಾಯಿವರೆಗೆ. ಮಾಹಿತಿ ಸೋರಿದರೆ ಸಂಬಂಧಪಟ್ಟವರಿಗೆ ತಡಮಾಡದೆ ತಿಳಿಸಬೇಕು, ದತ್ತಾಂಶ ಸಂರಕ್ಷಣಾ ಮಂಡಳಿಗೆ 72 ಗಂಟೆಗಳೊಳಗೆ ವಿವರ ಕೊಡಬೇಕು. ಮುಖ್ಯ ಹೊಣೆಗಳು ಜಾರಿಗೆ ಬರುವುದು ನಿಯಮ ಪ್ರಕಟವಾದ 18 ತಿಂಗಳ ನಂತರ, ಎಂದರೆ 2027ರ ಮೇ ಹೊತ್ತಿಗೆ.

ಫಿನ್‌ಲೆಂಡಿನಲ್ಲಿ ವಸ್ತಾಮೊ ಎಂಬ ಖಾಸಗಿ ಮನೋಚಿಕಿತ್ಸಾ ಸಂಸ್ಥೆಯ ಸುಮಾರು 33,000 ರೋಗಿಗಳ ದಾಖಲೆ ಕದ್ದವರು 2020ರಲ್ಲಿ ರೋಗಿಗಳಿಗೇ ನೇರವಾಗಿ ಮೇಲ್ ಕಳಿಸಿ ಹಣ ಕೇಳಿದ್ದರು. ಸಂಸ್ಥೆ ದಿವಾಳಿಯಾಯಿತು. ಹೊಸ ಕಾಯ್ದೆಗಳಿಗೆ ಎಚ್ಚರಿಕೆ ಕೊಟ್ಟಿರುವುದು ಇಂಥ ಪ್ರಕರಣಗಳು, ಅದು ಸರಿಯೂ ಹೌದು. ಆದರೆ 2023ರ ಕಾಯ್ದೆ ಅನ್ವಯಿಸುವುದು ಡಿಜಿಟಲ್ ರೂಪದಲ್ಲಿರುವ ಅಥವಾ ಆಮೇಲೆ ಆ ರೂಪಕ್ಕೆ ಬಂದ ಮಾಹಿತಿಗೆ ಮಾತ್ರ. ಕಾಗದದಲ್ಲೇ ಉಳಿದ ಕೇಸ್ ಫೈಲು, ಮೇಜಿನ ಮೇಲಿನ ರಿಜಿಸ್ಟರು, ಕೂಗಿದ ಹೆಸರು ಅದರ ವ್ಯಾಪ್ತಿಯಲ್ಲಿಲ್ಲ. 2002ರ ನಡತೆ ನಿಯಮ ಒಳರೋಗಿಗಳ ದಾಖಲೆಗಳನ್ನು 3 ವರ್ಷ ಇಡಬೇಕು ಎನ್ನುತ್ತದೆ, ಆಮೇಲೆ ಹೇಗೆ ನಾಶ ಮಾಡಬೇಕು ಎಂದು ಹೇಳುವುದಿಲ್ಲ. ಡಾಕ್ಟರು ನಿವೃತ್ತರಾದರೆ, ತೀರಿಕೊಂಡರೆ, ಬಾಡಿಗೆ ಕಟ್ಟಡ ಖಾಲಿ ಮಾಡಿದರೆ ಇಪ್ಪತ್ತು ವರ್ಷದ ಫೈಲುಗಳ ಗತಿ ಏನು? ಗುಜರಿಯವನ ತಕ್ಕಡಿಗೆ ಬೀಳುವ ಮುನ್ನ ಅವನ್ನು ಹರಿದು ಹಾಕುವ ಹೊಣೆ ಯಾರದು? ಇದನ್ನು ಬರೆದಿಡುವುದಕ್ಕೆ ಕೋಟಿಗಟ್ಟಲೆ ದುಡ್ಡು ಬೇಕಿಲ್ಲ, ಹೊಸ ಸಾಫ್ಟ್‌ವೇರೂ ಬೇಕಿಲ್ಲ. ಹೆಸರಿನ ಬದಲು ಟೋಕನ್ ನಂಬರು ಕೂಗುವುದು, ರಿಜಿಸ್ಟರನ್ನು ಮುಚ್ಚಿಡುವುದು, ಸಿಬ್ಬಂದಿಯಿಂದ ಗೋಪ್ಯತೆಯ ಬರವಣಿಗೆ ಪಡೆಯುವುದು, ಯಾವ ನಂಬರಿಗೆ ಸಂದೇಶ ಕಳಿಸಲಿ ಎಂದು ರೋಗಿಯನ್ನೇ ಕೇಳುವುದು ನಾಳೆ ಬೆಳಿಗ್ಗೆಯೇ ಆಗಬಹುದಾದ ಕೆಲಸ.

ರೋಗಿಯ ಕೈಯಲ್ಲೂ ಕೆಲವು ಹಿಡಿಗಳಿವೆ. ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ ನಡತೆ ನಿಯಮವೇ ಹೇಳುತ್ತದೆ. ಪ್ರತಿನಿಧಿ ಯಾರೆಂದು ಮೊದಲ ಭೇಟಿಯಲ್ಲೇ ಬರೆದುಕೊಡಬಹುದು, ಆಮೇಲೆ ಬದಲಾಯಿಸಲೂಬಹುದು. ರೋಗಿಗಳನ್ನು ಒಳಗೆ ಇರಿಸಿಕೊಳ್ಳುವ ಸಂಸ್ಥೆಯ ಸೇವೆಯಲ್ಲಿ ಲೋಪವಾದರೆ ಮೊದಲು ಅಲ್ಲಿನ ಮುಖ್ಯ ವೈದ್ಯರಿಗೆ, ಆಮೇಲೆ ಮಾನಸಿಕ ಆರೋಗ್ಯ ಪುನರ್‌ಪರಿಶೀಲನಾ ಮಂಡಳಿಗೆ, ಅದಕ್ಕೂ ಮೇಲೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ ದೂರು ಕೊಡಲು 2017ರ ಕಾಯ್ದೆಯ 28ನೇ ಸೆಕ್ಷನ್ ಅವಕಾಶ ಕೊಡುತ್ತದೆ. ದೂರಿನಲ್ಲಿ ಹೆಸರು, ಊರು, ಪಡೆದ ಚಿಕಿತ್ಸೆ ಎಲ್ಲವನ್ನೂ ಬರೆಯಬೇಕಾಗುತ್ತದೆ. ಗುಟ್ಟು ಹೊರಬಿದ್ದದ್ದನ್ನು ಹೇಳಿಕೊಳ್ಳಲು ಅದೇ ಗುಟ್ಟನ್ನು ಇನ್ನೂ ನಾಲ್ಕು ಮೇಜುಗಳ ಮುಂದೆ ಇಡಬೇಕೆಂದಾಗ ಹಿಂಜರಿಯುವವರನ್ನು ತಪ್ಪೆನ್ನಲಾಗದು. ದೂರುದಾರರ ಗುರುತು ಹೊರಬರದಂತೆ ವಿಚಾರಣೆ ನಡೆಸುವ ಕ್ರಮವನ್ನು ಮಂಡಳಿಗಳು ಜಿಲ್ಲೆಯ ಜನಕ್ಕೆ ಕನ್ನಡದಲ್ಲಿ, ಬಿಡಿಸಿ, ಪ್ರತಿ ಕ್ಲಿನಿಕ್ಕಿನ ಗೋಡೆಯ ಮೇಲೆ ಓದಲು ಸಿಗುವಂತೆ ಹೇಳಬೇಕಿದೆ.