ಇಂಟರ್‌ನೆಟ್ ಬರುತ್ತದೆ, ಪ್ರಿಂಟರ್ ಸಿಗುವುದಿಲ್ಲ: ನೆಟ್‌ವರ್ಕ್ ಸರ್ಟಿಫಿಕೇಟ್ ಆರಿಸುವ ಮುನ್ನ

ಒಂದು ಕಂಪ್ಯೂಟರಿನ ವಿಳಾಸ 192.168.10.70, ಗೇಟ್‌ವೇ, ಅಂದರೆ ಹೊರಗಿನ ನೆಟ್‌ವರ್ಕಿಗೆ ದಾರಿ ಕೊಡುವ ರೂಟರ್, 192.168.10.65. ಮಾಸ್ಕ್ 255.255.255.192 ಇರಬೇಕಿತ್ತು. ಯಾರೋ ಅಭ್ಯಾಸಬಲದಿಂದ 255.255.255.0 ಎಂದು ಹಾಕಿಬಿಟ್ಟಿದ್ದಾರೆ. ಇಂಟರ್‌ನೆಟ್ ಸಲೀಸಾಗಿ ಬರುತ್ತಿದೆ. ಆದರೆ ಪಕ್ಕದ ವಿಭಾಗದ ಪ್ರಿಂಟರ್ 192.168.10.130ಕ್ಕೆ ಪಿಂಗ್, ಅಂದರೆ "ಇದ್ದೀಯಾ?" ಎಂದು ಕೇಳುವ ಸಂದೇಶ, ಹೋಗುತ್ತಿಲ್ಲ. ಕೇಬಲ್ ಬದಲಾಯಿಸಿದ್ದಾಯಿತು, ಡ್ರೈವರ್ ಹಾಕಿದ್ದಾಯಿತು, ಎರಡು ಸಲ ರೀಸ್ಟಾರ್ಟ್ ಮಾಡಿದ್ದೂ ಆಯಿತು.

ನೆಟ್‌ವರ್ಕ್ ಕೆಲಸಕ್ಕೆ ಯಾವ ಸರ್ಟಿಫಿಕೇಟ್ ಮಾಡಬೇಕು ಎಂದು ಕೇಳುವವರ ಮುಂದೆ ಮೊದಲು ಇಡಬೇಕಾದದ್ದು ಈ ಪ್ರಿಂಟರನ್ನೇ. ಯಾವ ಪರೀಕ್ಷೆಯ ತಯಾರಿ ಈ ತೊಡಕನ್ನು ಪೆನ್ನು ಕಾಗದದಲ್ಲಿ ಬಿಡಿಸುವಷ್ಟು ಮನುಷ್ಯನನ್ನು ಪಳಗಿಸುತ್ತದೋ ಆ ಪರೀಕ್ಷೆಗೆ ಬೆಲೆಯಿದೆ. ಗೋಡೆಯ ಮೇಲೆ ಎಷ್ಟು ಚೌಕಟ್ಟು ತೂಗಿವೆ ಎಂಬ ಲೆಕ್ಕದಿಂದ ಪ್ರಿಂಟರ್ ಸರಿಹೋಗುವುದಿಲ್ಲ.

ಬಿಡಿಸಿಯೇ ನೋಡೋಣ. ಮಾಸ್ಕ್ ಎಂದರೆ ವಿಳಾಸದಲ್ಲಿ ನೆಟ್‌ವರ್ಕಿನ ಭಾಗವನ್ನಷ್ಟೇ ಸೋಸಿ ತೆಗೆಯುವ ಒಂದು ಜರಡಿ. ಅದರಲ್ಲಿ 1 ಇರುವ ಕಡೆ ತೂತು, 0 ಇರುವ ಕಡೆ ಮುಚ್ಚಳ. ಮೊದಲ ಮೂರು ಅಂಕಿ ಇಬ್ಬರದೂ ಒಂದೇ, ಹಾಗಾಗಿ ಕೊನೆಯದನ್ನು ನೋಡಿದರೆ ಸಾಕು. ವಿಳಾಸದ ಕೊನೆಯ ಅಂಕಿ 70, ಬೈನರಿಯಲ್ಲಿ 01000110. ಮಾಸ್ಕಿನ 192 ಎಂದರೆ 11000000. ಒಂದರ ಕೆಳಗೊಂದು ಬರೆದು, ಎರಡರಲ್ಲೂ 1 ಇರುವ ಕಡೆ ಮಾತ್ರ 1 ಉಳಿಸಿಕೊಳ್ಳಿ. ಸಿಗುವುದು 01000000, ಅಂದರೆ 64. ಪ್ರಿಂಟರಿನ 130 ಎಂದರೆ 10000010. ಅದನ್ನೂ ಜರಡಿ ಹಿಡಿದರೆ ಸಿಗುವುದು 128. ಒಬ್ಬರ ಓಣಿ, ಅಂದರೆ ಸಬ್‌ನೆಟ್, 64, ಇನ್ನೊಬ್ಬರದು 128. ಬೇರೆ ಓಣಿಗೆ ಹೋಗುವ ಪ್ಯಾಕೆಟ್ಟನ್ನು (ಮಾಹಿತಿಯ ತುಣುಕನ್ನು) ಗೇಟ್‌ವೇ ಕೈಗೆ ಕೊಡಬೇಕು ಎಂದು ಕಂಪ್ಯೂಟರ್ ತೀರ್ಮಾನಿಸುವುದು ಹೀಗೆ.

ತಪ್ಪು ಮಾಸ್ಕಿನಲ್ಲಿ ಕೊನೆಯ ಭಾಗ ಪೂರಾ 0, ಜರಡಿಯ ತೂತೆಲ್ಲ ಮುಚ್ಚಿದೆ. 70 ಕೂಡ 0 ಆಯಿತು, 130 ಕೂಡ 0 ಆಯಿತು. ಇಬ್ಬರೂ ಒಂದೇ ಓಣಿಯವರು ಎಂದು ಕಂಪ್ಯೂಟರ್ ನಂಬಿಬಿಟ್ಟಿತು. ಹಾಗಾಗಿ ಗೇಟ್‌ವೇ ಕಡೆ ತಿರುಗಿಯೂ ನೋಡದೆ ಓಣಿಯಲ್ಲೇ ನಿಂತು "130 ಯಾರು?" ಎಂದು ಕೂಗುತ್ತದೆ. ಈ ಕೂಗಿನ ಹೆಸರೇ ಆರ್ಪ್. ಪ್ರಿಂಟರ್ ಇರುವುದು ಗೋಡೆಯಾಚೆ, ಕೂಗು ಅಲ್ಲಿಗೆ ತಲುಪುವುದಿಲ್ಲ. ಹೊರಗಿನ ಇಂಟರ್‌ನೆಟ್ ವಿಳಾಸಗಳು ಈ ಎರಡರಲ್ಲಿ ಯಾವ ಜರಡಿಯಲ್ಲಿ ಸೋಸಿದರೂ ಬೇರೆ ಓಣಿಯವೇ, ಆದ್ದರಿಂದ ಅವಕ್ಕೆ ಅಡ್ಡಿಯಿಲ್ಲ.

ಇದಕ್ಕಿಂತ ಸೊಗಸಾದದ್ದು ಇನ್ನೊಂದಿದೆ. ಸಿಸ್ಕೊ ಕಂಪನಿಯ ಐಓಎಸ್ ಎಂಬ ಸಾಫ್ಟ್‌ವೇರಿನಲ್ಲಿ ಓಡುವ ರೂಟರುಗಳಲ್ಲಿ ಪ್ರಾಕ್ಸಿ ಆರ್ಪ್ ಎಂಬ ಸೌಲಭ್ಯ ಮೊದಲಿನಿಂದಲೇ ಚಾಲೂ ಇರುತ್ತದೆ. ಓಣಿಯ ತುದಿಯಲ್ಲಿ ನಿಂತ ರೂಟರ್ ಆ ಕೂಗು ಕೇಳಿಸಿಕೊಂಡು, 130ರ ಪರವಾಗಿ ತಾನೇ ಓಗೊಟ್ಟು ಪ್ಯಾಕೆಟ್ ದಾಟಿಸಿಬಿಡುತ್ತದೆ. ಮಾಸ್ಕ್ ತಪ್ಪಿದ್ದರೂ ವರ್ಷಗಟ್ಟಲೆ ಎಲ್ಲ ನಡೆಯುತ್ತದೆ. ಎಂದೋ ಒಂದು ದಿನ ಆ ಸೌಲಭ್ಯವಿಲ್ಲದ ಹೊಸ ರೂಟರ್ ಬಂದು ಕೂರುತ್ತದೆ, ಪ್ರಿಂಟರ್ ನಿಲ್ಲುತ್ತದೆ, ಬೈಗುಳ ಹೊಸ ರೂಟರಿಗೆ ಬೀಳುತ್ತದೆ.

ಈಗ ಪರೀಕ್ಷೆಗಳ ಕಡೆ ಬರೋಣ. ಸಿಸ್ಕೊದ ಆರಂಭಿಕ ಹಂತದ ಸರ್ಟಿಫಿಕೇಟ್ ಸಿಸಿಎನ್‌ಎ. ಅದರ ಪರೀಕ್ಷೆ, ಅಂದರೆ 2020ರ ಫೆಬ್ರವರಿಯಲ್ಲಿ ಬಂದ 200-301 ಎಂಬ ಸಂಖ್ಯೆಯದು, 120 ನಿಮಿಷದ್ದು. ಅದರ ಪಠ್ಯದಲ್ಲಿ ನೆಟ್‌ವರ್ಕ್ ಮೂಲತತ್ವಕ್ಕೆ 20%, ಸ್ವಿಚಿಂಗ್ ಭಾಗಕ್ಕೆ 20%, ಐಪಿ ರೂಟಿಂಗಿಗೆ 25%. ಒಟ್ಟು 65%ರಲ್ಲಿ ಬಹುಪಾಲು ಯಾವ ಕಂಪನಿಯ ಪೆಟ್ಟಿಗೆ (ರೂಟರ್, ಸ್ವಿಚ್) ಎದುರಿಗಿದ್ದರೂ ಕೆಲಸಕ್ಕೆ ಬರುವ ವಿದ್ಯೆ. ಕಾಂಪ್‌ಟಿಯಾ ನೆಟ್‌ವರ್ಕ್ ಪ್ಲಸ್‌ನಲ್ಲಿ 90 ನಿಮಿಷಕ್ಕೆ ಹೆಚ್ಚೆಂದರೆ 90 ಪ್ರಶ್ನೆ. ಹರವು ದೊಡ್ಡದು, ಆಳ ಕಡಿಮೆ, ಕಂಪನಿಯ ಹಂಗಿಲ್ಲ. ಐಪಿ ವಿಳಾಸ ಎಂದರೇನು ಎಂಬಲ್ಲಿಂದ ಶುರು ಮಾಡುವವರಿಗೆ ಅದು ಒಳ್ಳೆಯ ಮೆಟ್ಟಿಲು. ಮೇಲಿನ ಜರಡಿ ಲೆಕ್ಕ ಒಂದೇ ಓದಿಗೆ ದಕ್ಕಿದವರು ನೇರವಾಗಿ ಸಿಸಿಎನ್‌ಎಗೆ ಕೂರಲಿ. ಎರಡಕ್ಕೂ ದುಡ್ಡು ಸುರಿಯುವ ಅಗತ್ಯ ಕಾಣುವುದಿಲ್ಲ. ಸೇರಬೇಕೆಂದಿರುವ ಕಡೆ ಇನ್ನೊಂದು ಕಂಪನಿ ಜುನಿಪರಿನ ಪೆಟ್ಟಿಗೆಗಳೇ ತುಂಬಿದ್ದರೆ ಅದರ ಆರಂಭಿಕ ಹಂತದ ಜೆಎನ್‌ಸಿಐಎ-ಜುನೋಸ್ ನೋಡಿ.

ಹೆಸರು ನಂಬಿ ಕೆಟ್ಟವರ ಚರಿತ್ರೆಯೂ ಇದೆ. 1990ರ ದಶಕದಲ್ಲಿ ನೋವೆಲ್ ಕಂಪನಿಯ ಸಿಎನ್‌ಇ ಸರ್ಟಿಫಿಕೇಟಿಗೆ ಭಾರಿ ಮರ್ಯಾದೆಯಿತ್ತು. ಆ ಕಂಪನಿಯ ನೆಟ್‌ವೇರ್ ಎಂಬ ನೆಟ್‌ವರ್ಕ್ ಸಾಫ್ಟ್‌ವೇರ್ ಓಡುತ್ತಿದ್ದದ್ದು ಐಪಿಎಕ್ಸ್ ಎಂಬ ತನ್ನದೇ ಭಾಷೆಯಲ್ಲಿ. ಪುಸ್ತಕ ಉರುಹೊಡೆದು ಪಾಸಾದವರಿಗೆ "ಪೇಪರ್ ಸಿಎನ್‌ಇ" ಎಂಬ ಅಡ್ಡಹೆಸರೂ ಅಂಟಿತು. ಇಂಟರ್‌ನೆಟ್ ಹಬ್ಬಿ, ಅದರ ಭಾಷೆಯಾದ ಟಿಸಿಪಿ/ಐಪಿ ಎಲ್ಲೆಡೆ ಆವರಿಸಿದಾಗ 1998ರ ನೆಟ್‌ವೇರ್ 5 ಕೂಡ ಅದೇ ದಾರಿ ಹಿಡಿಯಿತು. ಮೆನು, ಕಮಾಂಡು ಬಾಯಿಪಾಠ ಮಾಡಿದವರ ಬಂಡವಾಳ ಕರಗಿತು. ವಿಳಾಸ, ಮಾರ್ಗ, ಗಡಿ ಎಂದರೇನೆಂದು ತಿಳಿದವರು ಹೊಸ ಭಾಷೆಗೆ ಬೇಗ ಹೊಂದಿಕೊಂಡರು. ಅಷ್ಟೇ ಹೆಸರುವಾಸಿಯಾಗಿದ್ದ ಮೈಕ್ರೋಸಾಫ್ಟಿನ ಎಂಸಿಎಸ್‌ಇ ಪರೀಕ್ಷೆಗಳಿಗೂ 2021ರ ಜನವರಿಯಲ್ಲಿ ತೆರೆ ಬಿತ್ತು.

ಇಷ್ಟಾದರೂ ಕದ್ದ ಪ್ರಶ್ನೆಗಳ "ಡಂಪ್" ಓದಿ ಪಾಸಾಗುವ ಚಾಳಿ ಹೋಗಿಲ್ಲ. ಸಿಕ್ಕಿಬಿದ್ದರೆ ಸರ್ಟಿಫಿಕೇಟ್ ರದ್ದಾಗಬಹುದು. ಸಿಕ್ಕಿಬೀಳದಿದ್ದರೂ, ಸಂದರ್ಶನದಲ್ಲಿ ಆ ಪ್ರಿಂಟರ್ ಕಾಯುತ್ತಿರುತ್ತದೆ.

ತಯಾರಿಗೆ ಪರದೆಯ ಮೇಲೆಯೇ ನೆಟ್‌ವರ್ಕ್ ಕಟ್ಟಿ ನೋಡುವ ಸಿಸ್ಕೊದ ಪ್ಯಾಕೆಟ್ ಟ್ರೇಸರ್ ಉಚಿತವಾಗಿ ಸಿಗುತ್ತದೆ. ಒಂದು ರೂಟರ್, ಎರಡು ಸ್ವಿಚ್, ನಾಲ್ಕು ಕಂಪ್ಯೂಟರ್ ಜೋಡಿಸಿ, ಬೇಕೆಂದೇ ಮಾಸ್ಕ್ ತಪ್ಪಿಸಿ, ಪ್ಯಾಕೆಟ್ ಎಲ್ಲಿ ನಿಲ್ಲುತ್ತದೆಂದು ಸಿಮ್ಯುಲೇಷನ್ ಮೋಡಿನಲ್ಲಿ ಹೆಜ್ಜೆ ಹೆಜ್ಜೆಗೂ ನೋಡಿ. ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರ್ ಇರುವುದಿಲ್ಲ, ಸಿಸಿಎನ್‌ಎಯಲ್ಲಿ ಬಿಟ್ಟ ಪ್ರಶ್ನೆಗೆ ಮರಳುವಂತೆಯೂ ಇಲ್ಲ. ಆದ್ದರಿಂದ 256ರಲ್ಲಿ 192 ಕಳೆದರೆ 64, ಓಣಿಗಳು 0, 64, 128, 192ರಿಂದ ಶುರು, ಮೊದಲ ಮತ್ತು ಕೊನೆಯ ವಿಳಾಸ ಬಿಟ್ಟು ಒಂದೊಂದರಲ್ಲಿ 62 ಯಂತ್ರ ಎಂಬ ಲೆಕ್ಕ ಅರ್ಧ ನಿಮಿಷದೊಳಗೆ ನಾಲಿಗೆಯ ಮೇಲೆ ಬರಬೇಕು.

ನೆಟ್‌ವರ್ಕ್ ಪ್ಲಸ್, ಸಿಸಿಎನ್‌ಎ, ಜೆಎನ್‌ಸಿಐಎ ಮೂರರ ಆಯಸ್ಸೂ ಮೂರೇ ವರ್ಷ. ಸಿಸಿಎನ್‌ಎ ಕೈಲಿದ್ದರೆ ಅದೇ ಪರೀಕ್ಷೆಗೆ ಮತ್ತೆ ಕೂರಬೇಕಿಲ್ಲ. ಅವಧಿ ಮುಗಿಯುವ ಮುನ್ನ ಮುಂದಿನ ಹಂತದ ಸರ್ಟಿಫಿಕೇಟ್ ಸಿಸಿಎನ್‌ಪಿಯ ಎನ್‌ಕೋರ್ ಪತ್ರಿಕೆ ಪಾಸು ಮಾಡಿದರೆ ಹಳೆಯದು ತಾನೇ ನವೀಕರಣವಾಗುತ್ತದೆ, ಎಂಟರ್‌ಪ್ರೈಸ್ ಸಿಸಿಎನ್‌ಪಿಗೆ ಬೇಕಾದ ಎರಡು ಪತ್ರಿಕೆಗಳಲ್ಲಿ ಒಂದು ಮುಗಿದಂತೆಯೂ ಆಗುತ್ತದೆ.